ಪಕ್ಕದ ಕುರ್ಚಿ

ಸೆಪ್ಟೆಂಬರ್ 1, 2013, ರವಿವಾರ

ಅಂಕಣ ಬರೆಯಲು ಕುಳಿತರೆ ಒಂದು ಸಾಲೂ ಹುಟ್ಟುತ್ತಿಲ್ಲ. ವಿಡಿಯೋ ಗೇಮುಗಳನ್ನು ಆಡಿ, ಅವುಗಳ ಬಗ್ಗೆ ಪತ್ರಿಕೆಗೆ ಬರೆಯುವುದೇ ನನ್ನ ಕಸುಬು. ಇದೂ ಒಂದು ಕೆಲಸವೇ ಎಂದು ಬಂಧುಬಳಗವೆಲ್ಲ ನಕ್ಕಾಗಲೂ ಬರೆಯುವುದು ನಿಂತಿರಲಿಲ್ಲ. ಈಗ ನಿಂತಿದೆ. ಯಾರೂ ಓದದ ಮಾತಾದರೂ ಬರೆಯೋಣವೆಂದು ಇದನ್ನು ಶುರು ಮಾಡಿದ್ದೇನೆ.

ನನ್ನ ಗಂಡ ಪ್ರಹ್ಲಾದ ಮನೆ ಬಿಟ್ಟು ಹೋಗಿದ್ದು ಜುಲೈ ಕೊನೆಗೆ. ಜಗಳವೇನೂ ಆಗಲಿಲ್ಲ. ಅಮೀರ್‌ಪೇಟೆಯ ಫ್ಲ್ಯಾಟಿನಲ್ಲಿ ಇಬ್ಬರೂ ಟೀವಿ ಮುಂದೆ ಕುಳಿತಿದ್ದೆವು. ರಾಜ್ಯ ಎರಡಾಗುತ್ತದೆ ಎಂಬ ಸುದ್ದಿ ಬರುತ್ತಿತ್ತು. "ನನ್ನ ಕೈಲಿ ಇನ್ನು ಆಗಲ್ಲ ಪ್ರಫು" ಎಂದ. ನಾನು ರಾಜಕೀಯದ ಮಾತು ಎಂದುಕೊಂಡೆ. ಅವನು ಎದ್ದು ಒಳಗೆ ಹೋಗಿ ಬ್ಯಾಗು ತುಂಬತೊಡಗಿದಾಗಲೇ ನನಗೆ ತಿಳಿದದ್ದು. ಯಾಕೆ ಎಂದರೆ, "ನಿನ್ನ ತಪ್ಪೇನಿಲ್ಲ" ಎಂದ. ಬೇರೆ ಯಾರಾದರೂ ಇದ್ದಾರಾ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸಿದ. ಅದನ್ನು ನಂಬುತ್ತೇನೆ. ನಂಬುವುದರಿಂದ ನೋವೇನೂ ಕಡಿಮೆಯಾಗಿಲ್ಲ.

ಈಗ ಬರ್ಕತ್‌ಪುರದಲ್ಲಿ, ಅಪ್ಪನ ಮನೆಯಲ್ಲಿದ್ದೇನೆ. ಅಮೀರ್‌ಪೇಟೆಯಲ್ಲಿ ಮೆಟ್ರೋ ಕಂಬ ಎಬ್ಬಿಸುವ ಧೂಳಿಗೆ ಕೆಮ್ಮು ಹಿಡಿದಿದೆ, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಹೇಳಿದ್ದೇನೆ.

ಮಧ್ಯಾಹ್ನ ನಲಿನಿಯ ಫೋನು. ಕಾಚಿಗುಡದ ಕನ್ನಡ ಶಾಲೆಯಲ್ಲಿ ನನ್ನ ಜೊತೆ ಓದಿದವಳು. ತಿಂಗಳ ಕೊನೆಗೆ ಮಾಧಾಪುರದ ಆಚೆ ನಡೆಯುವ ಕಾಮಿಕ್ಸ್, ಗೇಮ್ ಅಭಿಮಾನಿಗಳ ಮೇಳಕ್ಕೆ ಅವಳದೇ ಉಸ್ತುವಾರಿ. "ಪೋಸ್ಟರಿನ್ಯಾಗ ನಿಮ್ಮಿಬ್ಬರ ಹೆಸರೂ ದೊಡ್ಡದಾಗಿ ಹಾಕೀವಿ. ಮೂರೂ ದಿನ ಒಂದೊಂದು ಪ್ಯಾನೆಲ್. ಗಂಡ ಗೇಮ್ ಮಾಡಾಂವ, ಹೆಂಡತಿ ತಪ್ಪು ತಗಿಯಾಕಿ. ನೀವು ಸ್ಟೇಜಿನ ಮ್ಯಾಲೆ ಜಗಳಾಡೂದು ನೋಡಾಕಂತನ ಮಂದಿ ಬರತಾರ."

ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆಗಲಿ ಎಂದೆ. ಮೂರು ದಿನ ಅವನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಲೇಬೇಕಲ್ಲ.

ಸೆಪ್ಟೆಂಬರ್ 4, ಬುಧವಾರ

ಅಪ್ಪ ಏನೂ ಕೇಳುವುದಿಲ್ಲ. ಜಲಮಂಡಳಿಯಲ್ಲಿ ಓವರ್‌ಸಿಯರ್ ಆಗಿದ್ದವರು. ಎಲ್ಲಿ ಸೋರುತ್ತಿದೆ ಎಂದು ಗೊತ್ತಾದರೂ ಕೂಡಲೇ ಅಗೆಯುವ ಸ್ವಭಾವವಲ್ಲ. ಅವ್ವ ಹೋದ ಮೇಲೆ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ. ಇವತ್ತು ಬೇಗಂ ಬಜಾರಿಗೆ ಹೋಗಿ ಬ್ಯಾಳಿ, ಬೆಲ್ಲ, ಶೇಂಗಾ ಎಲ್ಲ ಚೀಲಗಟ್ಟಲೆ ತಂದರು.

"ಇಷ್ಟ್ಯಾಕ್ರಿ ಅಪ್ಪಾ? ನಾ ನಾಕು ದಿನಾ ಇರಾಕಿ."

"ಶೇಂಗಾ ಕೆಡಾಂಗಿಲ್ಲ ಬಿಡವಾ" ಎಂದು ಒಳಗೆ ಹೋದರು.

ನಲಿನಿ ಕಾರ್ಯಕ್ರಮದ ಪಟ್ಟಿ ಕಳಿಸಿದ್ದಾಳೆ. ಶುಕ್ರವಾರ ಗೇಮ್ ವಿಮರ್ಶೆಯ ಬಗ್ಗೆ. ಶನಿವಾರ ತಂದೆತಾಯಿಗಳ ಜೊತೆ ಪ್ರಶ್ನೋತ್ತರ. ರವಿವಾರ ಪ್ರಹ್ಲಾದನ ಹೊಸ ಗೇಮ್ ಬಿಡುಗಡೆ. ಮಾಡಿದವನೂ ವಿಮರ್ಶಕಿಯೂ ಮುಖಾಮುಖಿ. ಗೇಮಿನ ಹೆಸರು ‘ದಿವಾಬತ್ತಿ’.

ಹೆಸರನ್ನು ಎರಡು ಸಲ ಓದಿದೆ. ಅದು ಅವನ ಮಾತಲ್ಲ. ಇ.ಸಿ.ಐ.ಎಲ್. ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದ ಹಾಸನದ ಕಡೆಯ ಹುಡುಗ. ಅವರ ಮನೆಯಲ್ಲಿ ದೀಪ ಹಚ್ಚುವ ಹೊತ್ತು ಎನ್ನುತ್ತಾರೆ. ದಿವಾಬತ್ತಿ ಎನ್ನುತ್ತಿದ್ದವಳು ನಮ್ಮ ಆಯಿ, ಅಪ್ಪನ ತಾಯಿ. ಮುಸ್ಸಂಜೆಗೆ ಪಡಸಾಲೆಯಿಂದ ಕೂಗುತ್ತಿದ್ದಳು: "ದಿವಾಬತ್ತಿ ಹೊತ್ತಾತು, ಕದಾ ತಗೀರಿ."

ಅವನು ಯಾವ ಗೇಮ್ ಮಾಡುತ್ತಿದ್ದಾನೆಂದು ನಾನು ಕೇಳುತ್ತಿರಲಿಲ್ಲ, ಅವನು ತೋರಿಸುತ್ತಿರಲಿಲ್ಲ. ಅವನ ಗೇಮುಗಳ ವಿಮರ್ಶೆಯನ್ನು ನಾನು ಬರೆಯುತ್ತಲೂ ಇರಲಿಲ್ಲ. ಮದುವೆಯಾದಾಗ ಮಾಡಿಕೊಂಡ ಒಪ್ಪಂದ ಅದು. ಒಂದು ಸಲವೂ ಮುರಿದಿರಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಚೌತಿ. ಬೀದಿಬೀದಿಗೂ ಗಣಪತಿ, ಬೀದಿಬೀದಿಗೂ ಮೈಕು. ಅಪ್ಪ ಕಡುಬು ಮಾಡಿದ್ದರು. ಹಬ್ಬದ ದಿನವಾದರೂ ಫೋನು ಬರುತ್ತದೆಂದು ಕಾದೆ.

ಬರಲಿಲ್ಲ.

ಸೆಪ್ಟೆಂಬರ್ 14, ಶನಿವಾರ

ನಲಿನಿ ‘ದಿವಾಬತ್ತಿ’ಯ ಪ್ರತಿ ಕಳಿಸಿದ್ದು ನಿನ್ನೆ. ಪ್ಯಾನೆಲಿನವರು ಮೊದಲೇ ಆಡಿರಬೇಕಂತೆ. ಇವತ್ತು ಬೆಳಿಗ್ಗೆ ಅಪ್ಪ ಪಿಂಚಣಿಯ ಕೆಲಸಕ್ಕೆಂದು ಹೊರಟ ಮೇಲೆ ಕಂಟ್ರೋಲರ್ ತೆಗೆದೆ. ಅವನು ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ.

ಪರದೆಯ ಮೇಲೆ ಒಂದು ಬಾಗಿಲು. ಹಸಿರು ಬಣ್ಣ, ಕೆಳಗಡೆ ಮಳೆನೀರು ತಾಗಿ ಉಬ್ಬಿದ ಹಲಗೆ. ಆ ಬಾಗಿಲು ನನಗೆ ಗೊತ್ತು. ಕೋಠಿ ಪೇಟೆಯ ಹಿಂದಿನ ಗಲ್ಲಿಯಲ್ಲಿ ಅದನ್ನು ನೂಕಿಕೊಂಡೇ ನಾನು ಶಾಲೆಯಿಂದ ಮನೆಗೆ ಬರುತ್ತಿದ್ದೆ.

ಒಳಗೆ ಹೋದೆ. ಪಡಸಾಲೆ, ಒಂದು ಮೆಟ್ಟಿಲು ಕೆಳಗೆ ನಡುಮನೆ, ಆಚೆ ಬಾವಿ. ಸಮನಾಗಿರದ ಶಹಾಬಾದ್ ಕಲ್ಲಿನ ನೆಲ. ಅಡುಗೆಮನೆಯ ಕಿಟಕಿಯ ಮೂರನೆಯ ಸರಳು ಬಾಗಿದೆ. ಅಪ್ಪ ಚಿಕ್ಕವರಿದ್ದಾಗ ತಲೆ ತೂರಿಸಿ ಸಿಕ್ಕಿಕೊಂಡಿದ್ದ ಸರಳು. ಬಾಗಿಲ ಪಕ್ಕದ ಗೋಡೆಯಲ್ಲಿ ದೀಪದ ಗೂಡು, ಅದರ ಮೇಲೆ ಕಪ್ಪು ಮಸಿ ನಾಲಿಗೆಯಂತೆ ಮೇಲಕ್ಕೆ ಹೋಗಿದೆ. ಎಲ್ಲ ಇದೆ.

ಆ ಮನೆ ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ಆ ಜಾಗದಲ್ಲಿ ಬಸ್ಸುಗಳು ಓಡುತ್ತವೆ. ಆಯಿ ಬರ್ಕತ್‌ಪುರಕ್ಕೆ ಬಂದು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಪ್ರಹ್ಲಾದ ಆ ಮನೆಯನ್ನೂ ನೋಡಿಲ್ಲ, ಆಯಿಯನ್ನೂ ನೋಡಿಲ್ಲ. ನಾನು ಹೇಳಿದ್ದನ್ನು ಕೇಳಿದ್ದಾನೆ, ಅಷ್ಟೆ. ಅಮೀರ್‌ಪೇಟೆಯ ಮಾಳಿಗೆಯ ಮೇಲೆ ಸಂಜೆ ಕುರ್ಚಿ ಹಾಕಿಕೊಂಡು ಕೂತಾಗ ಕೇಳುತ್ತಿದ್ದ: ಮೆಟ್ಟಿಲು ಎಷ್ಟು ಎತ್ತರ? ಬಾವಿಯ ಗಡಗಡಿ ಸದ್ದು ಮಾಡುತ್ತಿತ್ತಾ? ಬಿಸಿಲು ಮೊದಲು ಎಲ್ಲಿ ಬೀಳುತ್ತಿತ್ತು? ನನ್ನ ಬಾಲ್ಯವನ್ನು ಇಷ್ಟು ಆಸೆಯಿಂದ ಕೇಳುವ ಗಂಡಸು ಯಾರಿಗೆ ಸಿಗುತ್ತಾನೆ ಎಂದು ಹಿಗ್ಗುತ್ತಿದ್ದೆ.

ಆಟದಲ್ಲಿ ನಾವು ಒಬ್ಬ ಪುಟ್ಟ ಹುಡುಗಿ. ಕತ್ತಲಾಗುವ ಮೊದಲು ಕೋಣೆಕೋಣೆಗೆ ಹೋಗಿ ದೀಪ ಹಚ್ಚಬೇಕು. ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಕಾಣಿಸುವುದಿಲ್ಲ. ಪಕ್ಕದ ಕೋಣೆಯಲ್ಲಿ ಬಳೆ ಸದ್ದು ಮಾತ್ರ ಕೇಳುತ್ತದೆ. ನಾವು ಆ ಕೋಣೆಗೆ ಹೋದರೆ ಸದ್ದು ಮತ್ತೊಂದು ಕೋಣೆಯಲ್ಲಿ.

ಅಪ್ಪ ಯಾವಾಗ ಬಂದರೋ ಗೊತ್ತಾಗಲಿಲ್ಲ. "ಯಾಕವಾ, ಕೆಮ್ಮು ಹೆಚ್ಚಾತೇನು?" ಎಂದು ಬಾಗಿಲಿನಿಂದಲೇ ಕೇಳಿದರು. ಪರದೆ ಆರಿಸಿಬಿಟ್ಟೆ. ಅತ್ತಿದ್ದೆ ಎಂದು ಆಗ ತಿಳಿಯಿತು.

ಸೆಪ್ಟೆಂಬರ್ 15, ರವಿವಾರ

ಕೊನೆಯವರೆಗೆ ಆಡಿದೆ.

ಹುಡುಗಿ ಬೆಳೆದು ದೊಡ್ಡವಳಾಗುತ್ತಾಳೆ. ಕೈಯಲ್ಲಿ ಬ್ಯಾಗು. ಬಾಗಿಲ ಪಕ್ಕದ ಗೂಡಿನ ಹತ್ತಿರ ಬಂದಾಗ ‘ದೀಪ ಹಚ್ಚು’ ಎಂದು ಗುಂಡಿಯ ಗುರುತು ಮೂಡುತ್ತದೆ. ಒತ್ತಿದೆ. ಅವಳ ಕೈ ಏಳಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಅವಳು ದೀಪ ಹಚ್ಚದೆ ಹೊರಗೆ ನಡೆದುಬಿಟ್ಟಳು. ಒಳಗೆ ಕತ್ತಲು, ಬಳೆ ಸದ್ದು. ಮುಗಿಯಿತು.

ಆ ಹುಡುಗಿ ನಾನು. ಮನೆ ಬಿಟ್ಟು ಹೋದವನು ಅವನು. ಆಟದಲ್ಲಿ ಹೋಗುವವಳು ನಾನು. ಆಯಿಯನ್ನು ಕತ್ತಲಲ್ಲಿ ಕೂಡಿಸಿ ಹೋಗುವವಳು ನಾನು. ನನ್ನ ಮನೆಯನ್ನು ತೆಗೆದುಕೊಂಡು ಅದರೊಳಗೆ ನನ್ನನ್ನೇ ಕೆಟ್ಟವಳನ್ನಾಗಿ ನಿಲ್ಲಿಸಿದ್ದಾನೆ.

ಮೇಳದ ರವಿವಾರ ಬರಲಿ. ತುಂಬಿದ ಸಭೆಯಲ್ಲಿ ಈ ಆಟವನ್ನು ಎಳೆ ಎಳೆಯಾಗಿ ಬಿಚ್ಚಿ ಹಾಕುತ್ತೇನೆ. ಅದು ನನಗೆ ಬರುವ ಕೆಲಸ.

ಸೆಪ್ಟೆಂಬರ್ 22, ರವಿವಾರ

ಗೋಷ್ಠಿಗಳ ಮಾತು ಮುಗಿಸಲು ನಲಿನಿ ಅಮೀರ್‌ಪೇಟೆಯ ಇರಾನಿ ಹೋಟೆಲಿಗೆ ಕರೆದಿದ್ದಳು. ಅವನು ಮೊದಲೇ ಬಂದು ಕೂತಿದ್ದ. ಇಳಿದುಹೋಗಿದ್ದಾನೆ. ಅಂಗಿಯ ಇಸ್ತ್ರಿ ಸರಿಯಿಲ್ಲ. ಅದನ್ನು ನೋಡಿ ನನಗೆ ಮೊದಲು ಸಮಾಧಾನವಾಯಿತು, ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು.

ನಲಿನಿ ಇಬ್ಬರ ಮುಖವನ್ನೂ ನೋಡಿ ಚಹಾ ಕಪ್ಪು ಕೆಳಗಿಟ್ಟಳು. "ಏನಾಗೇತಿ ನಿಮಗ?"

ನಾನೇ ಹೇಳಿದೆ. ಎರಡು ಮಾತಿನಲ್ಲಿ ಮುಗಿಯಿತು. ನಲಿನಿ ಕಾರ್ಯಕ್ರಮದ ಪಟ್ಟಿ ಮಡಚಿಟ್ಟು, "ಹಂಗಾರ ರದ್ದು ಮಾಡ್ತೀನಿ. ನಿಮ್ಮಿಂದ ಆಗಾಂಗಿಲ್ಲ ಇದು" ಎಂದಳು.

"ಬ್ಯಾಡ" ಎಂದೆ ನಾನು.

"ಬೇಡ" ಎಂದ ಅವನೂ.

ನಲಿನಿ ಹಣ ಕೊಡಲು ಎದ್ದು ಹೋದಾಗ ಅವನು ಮೆಲ್ಲಗೆ ಕೇಳಿದ. "ಆಡಿದ್ಯಾ?"

"ಆಡೀನಿ."

"ಹೇಗಿದೆ?"

"ಮುಂದಿನ ರವಿವಾರ ಹೇಳ್ತೀನಿ. ಎಲ್ಲಾರ ಮುಂದ."

"ಸರಿ. ನಿನಗೆ ಅನ್ನಿಸಿದ್ದನ್ನೇ ಹೇಳು ಪ್ರಫು. ಕಡಿಮೆ ಮಾಡಬೇಡ." ಅವನು ಹಾಗೆ ಹೇಳಬಾರದಿತ್ತು. ಬೈಗುಳಕ್ಕೆ ಸಿದ್ಧನಾಗಿ ಕೂತವನನ್ನು ಬಯ್ಯುವುದು ಕಷ್ಟ.

ಸೆಪ್ಟೆಂಬರ್ 27, ಶುಕ್ರವಾರ

ಮೇಳದ ಮೊದಲ ದಿನ. ದೊಡ್ಡ ಸಭಾಂಗಣ, ಒಳಗೆ ಮುಖವಾಡಗಳು, ರಟ್ಟಿನ ಕತ್ತಿಗಳು, ಬಣ್ಣ ಬಳಿದ ಮುಖಗಳು. ಊರೆಲ್ಲ ರಾಜ್ಯ ಒಡೆಯುವ ಮಾತಿನಲ್ಲಿ ಕುದಿಯುತ್ತಿದ್ದರೆ ಇಲ್ಲಿಯ ಮಂದಿಗೆ ಯಾವ ಗೇಮಿನ ಎಷ್ಟನೆಯ ಭಾಗ ಚೆನ್ನ ಎಂಬುದೇ ಜಗಳ. ಮೊದಲಾಗಿದ್ದರೆ ನನಗಿದು ಸ್ವರ್ಗ.

ಗೋಷ್ಠಿ ಚೆನ್ನಾಗಿಯೇ ನಡೆಯಿತು. ವಿಮರ್ಶಕರು ಗೇಮ್ ಮಾಡಲು ಬಾರದವರು ಎಂದ ಅವನು. ಅಡುಗೆ ಬಾರದವನಿಗೂ ಉಪ್ಪು ಹೆಚ್ಚಾಗಿದ್ದು ತಿಳಿಯುತ್ತದೆ ಎಂದೆ ನಾನು. ಸಭೆ ನಕ್ಕಿತು. ಇಷ್ಟು ವರ್ಷದ ಅಭ್ಯಾಸ. ನಾಲಿಗೆ ತಾನೇ ಮಾತಾಡಿತು. ಮಾತಿನ ನಡುವೆ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟ. ನನಗೆ ಅದನ್ನು ತೆಗೆಯಲು ಬರುವುದಿಲ್ಲವೆಂದು ಅವನಿಗೆ ಗೊತ್ತು. ಅವನ ಕೈಗೂ ಅದು ಅಭ್ಯಾಸ. ಆ ನೀರು ಕುಡಿಯಲಾಗಲಿಲ್ಲ.

ಇಳಿದು ಬರುವಾಗ ಯೋಧೆಯ ವೇಷ ಹಾಕಿದ ಕಾಲೇಜು ಹುಡುಗಿಯೊಬ್ಬಳು ಓಡಿ ಬಂದಳು. ವರ್ಷಗಳಿಂದ ನಮ್ಮಿಬ್ಬರನ್ನೂ ಓದುತ್ತಿದ್ದಾಳಂತೆ, ಮದುವೆಯಾದರೆ ಇಂಥ ಜೋಡಿಯ ಹಾಗಿರಬೇಕಂತೆ. ಒಂದು ಫೋಟೊ ಎಂದಳು. ನಿಂತೆವು. ಹತ್ತಿರ, ಇನ್ನೂ ಹತ್ತಿರ ಎನ್ನುತ್ತಿದ್ದಳು. ಅವನು ನನ್ನ ಹೆಗಲ ಹಿಂದೆ ಕೈ ಎತ್ತಿದ, ಮುಟ್ಟಲಿಲ್ಲ. ಫೋಟೊದಲ್ಲಿ ಮುಟ್ಟಿದ ಹಾಗೇ ಕಾಣುತ್ತದೆ.

ಸೆಪ್ಟೆಂಬರ್ 28, ಶನಿವಾರ

ಅಪ್ಪ ತಾವೂ ಬರುತ್ತೇನೆಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಛತ್ರಿ. ದ್ವಾರದಲ್ಲಿ ಕೋಡು ಇಟ್ಟುಕೊಂಡ ರಾಕ್ಷಸನೊಬ್ಬ ತಲೆಬಾಗಿ ನಮಸ್ಕರಿಸಿದ. ಅಪ್ಪ ಗಂಭೀರವಾಗಿ ತಿರುಗಿ ನಮಸ್ಕಾರ ಹೇಳಿ, "ಯಾವೂರಪಾ ನಿಂದು?" ಎಂದರು. ಅವನು ಕೋಡು ಸರಿಮಾಡಿಕೊಳ್ಳುತ್ತ ದಿಲ್‌ಸುಖ್‌ನಗರ್ ಎಂದ.

ಇವತ್ತಿನ ಗೋಷ್ಠಿಯಲ್ಲಿ ಒಬ್ಬ ತಾಯಿ ಎದ್ದು ಕೇಳಿದರು. ಮಗ ಮನೆಯವರ ಜೊತೆ ಮಾತಾಡುವುದನ್ನೇ ಬಿಟ್ಟು ಸದಾ ಗೇಮಿನಲ್ಲಿರುತ್ತಾನೆ, ಏನು ಮಾಡಲಿ? ಪ್ರಹ್ಲಾದ ಉತ್ತರಿಸಲು ಮೈಕು ತೆಗೆದುಕೊಂಡವನು ಅದನ್ನು ನನಗೇ ದಾಟಿಸಿದ. ಮಗನ ಪಕ್ಕದಲ್ಲಿ ಕೂತು ಏನು ಕಾಣಿಸುತ್ತಿದೆ ಎಂದು ಒಮ್ಮೆ ಕೇಳಿ ನೋಡಿ ಎಂದೆ. ಮನಸ್ಸಿನಲ್ಲಿ ಬೇರೇನೋ ಇತ್ತು: ಪಕ್ಕದಲ್ಲೇ ಕೂತಿದ್ದರೂ ಮಾತಾಡುವುದನ್ನು ಬಿಟ್ಟವರು ಇದ್ದಾರಮ್ಮಾ.

ಮುಗಿದ ಮೇಲೆ ಅಪ್ಪ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ‘ದಿವಾಬತ್ತಿ’ಯ ಮಳಿಗೆಯ ಮುಂದೆ ನಿಂತಿದ್ದಾರೆ. ದೊಡ್ಡ ಪರದೆಯ ಮೇಲೆ ಹಸಿರು ಬಾಗಿಲು. ಮೊದಲೇ ಹೇಳಬೇಕಾಗಿತ್ತು, ಹೇಳಿರಲಿಲ್ಲ.

"ಇದು ನಮ್ಮನಿ" ಎಂದರು ಅಪ್ಪ. ಪ್ರಶ್ನೆಯಲ್ಲ.

"ಹೌದ್ರಿ."

"ಒಳಗ ಹೋಗಾಕ ಬರತೈತೇನು?"

ಕುರ್ಚಿಯಲ್ಲಿ ಕೂಡಿಸಿ ಕಂಟ್ರೋಲರ್ ಕೈಗೆ ಕೊಟ್ಟೆ. ಮೊದಲು ಅವರಿಗೆ ನಡೆಯಲು ಬರಲಿಲ್ಲ. ಗೋಡೆಗೆ ಮುಖ ಹಚ್ಚಿ ನಿಂತುಬಿಟ್ಟರು. ಅವರ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳಿಟ್ಟು ತಿರುಗಿಸಿದೆ. ಪಡಸಾಲೆ ದಾಟಿದರು. ಮೆಟ್ಟಿಲು ಬಂದಾಗ ಕುರ್ಚಿಯಲ್ಲಿ ಕೂತಲ್ಲೇ ಅವರ ಕಾಲು ಒಂದಿಷ್ಟು ಮೇಲೆದ್ದು ಕೆಳಗಿಳಿಯಿತು. ಬಾಗಿದ ಸರಳಿನ ಮುಂದೆ ನಿಂತರು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಯಾರೋ ಆ ಸಾಲನ್ನು ಮೆಲ್ಲಗೆ ಹಿಂದೆ ಸರಿಸಿದರು. ನೋಡಿದರೆ ಪ್ರಹ್ಲಾದ.

ಒಳಗಿನಿಂದ ಬಳೆ ಸದ್ದು ಬಂತು. ಅಪ್ಪ ತಲೆ ಎತ್ತಿ, "ಅವ್ವಾ" ಎಂದರು. ದೊಡ್ಡದಾಗಿ ಅಲ್ಲ. ಮನೆಗೆ ಬಂದವನು ತಾನು ಬಂದೆ ಎಂದು ತಿಳಿಸಲು ಕರೆಯುವ ಹಾಗೆ.

ನಾನು ಪ್ರಹ್ಲಾದನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಬಹಳ ಹೊತ್ತಾದ ಮೇಲೆ ಅಪ್ಪ ಕಂಟ್ರೋಲರ್ ಕೆಳಗಿಟ್ಟು ಅವನ ಕಡೆ ತಿರುಗಿದರು. "ಬಾಂವಿ ಎಡಕ್ಕ ಇತ್ತಪಾ. ನೀ ಬಲಕ್ಕ ಇಟ್ಟೀದಿ."

"ತಪ್ಪಾಗಿದೆ ಮಾವ. ಸರಿ ಮಾಡ್ತೀನಿ."

"ಇರಲಿ. ಉಳದದ್ದೆಲ್ಲಾ ಚೊಲೊ ಕಟ್ಟೀದಿ." ಅವನ ತೋಳು ತಟ್ಟಿದರು. ಆಮೇಲೆ ಅದೇ ದನಿಯಲ್ಲಿ, "ಮನಿ ಕಟ್ಟಾಕ ಬರತೈತಿ ನಿನಗ. ಇರಾಕ ಬರಲಿಲ್ಲ" ಎಂದರು.

ಅಪ್ಪನಿಗೆ ಎಲ್ಲ ಗೊತ್ತು. ಮೊದಲಿನಿಂದಲೂ ಗೊತ್ತಿತ್ತು. ಆಟೋದಲ್ಲಿ ಬರುವಾಗ ಛತ್ರಿಯನ್ನು ಮೊಣಕಾಲಿನ ನಡುವೆ ಹಿಡಿದುಕೊಂಡು ಹೊರಗೆ ನೋಡುತ್ತ ಕೂತಿದ್ದರು. ನಾನು ಅವರ ಹೆಗಲಿಗೆ ಒರಗಿದೆ. "ಕೆಮ್ಮು ಹೆಂಗೈತಿ?" ಎಂದರು.

ಸೆಪ್ಟೆಂಬರ್ 29, ರವಿವಾರ

ಇವತ್ತು ಬರೆಯಲಾರೆ.

ಸೆಪ್ಟೆಂಬರ್ 30, ಸೋಮವಾರ

ನಿನ್ನೆ ಸಭೆ ಕಿಕ್ಕಿರಿದಿತ್ತು. ನಲಿನಿ ನಮ್ಮ ನಡುವೆ ಕೂತಿದ್ದಳು. ಹಾಗೆ ಕೂರುತ್ತೇನೆಂದು ಅವಳೇ ಹಟ ಹಿಡಿದಿದ್ದಳು. ಪರದೆಯ ಮೇಲೆ ಸ್ವಲ್ಪ ಹೊತ್ತು ಆಟ ತೋರಿಸಿದರು. ಬಾವಿ ಎಡಕ್ಕೆ ಬಂದಿತ್ತು. ಒಂದು ದಿನದೊಳಗೆ ತಿದ್ದಿದ್ದಾನೆ.

ಆಮೇಲೆ ನನ್ನ ಸರದಿ. ಎರಡು ವಾರದಿಂದ ತಲೆಯಲ್ಲಿ ಮಸೆದಿಟ್ಟುಕೊಂಡ ಮಾತುಗಳಿದ್ದವು, ಒಂದಕ್ಕಿಂತ ಒಂದು ಹರಿತ. ಬಾಯಿ ತೆರೆದಾಗ ಹಿಂದಿನ ದಿನ ಅಪ್ಪ ಅವ್ವಾ ಎಂದಿದ್ದು ನೆನಪಾಯಿತು. ಆಟ ಚೆನ್ನಾಗಿದೆ ಎಂದೆ. ಇಂಗ್ಲಿಷಿನಲ್ಲಿ, ನಿಧಾನವಾಗಿ, ಯಾಕೆ ಚೆನ್ನಾಗಿದೆ ಎಂದು ಹೇಳಿದೆ. ಮುದುಕಿಯನ್ನು ತೋರಿಸದೆ ಇದ್ದದ್ದು, ಕಲ್ಲಿನ ನೆಲದ ಮೇಲೆ ಹೆಜ್ಜೆಯ ಸದ್ದು ಕೋಣೆಗೊಂದು ರೀತಿ ಬದಲಾಗುವುದು. ನಾನು ಆಡಿದ ಆಟಗಳಲ್ಲೇ ಇಷ್ಟು ಪ್ರೀತಿಯಿಂದ ಕಟ್ಟಿದ ಮನೆ ಇಲ್ಲ ಎಂದೆ. ಅದು ನಿಜ, ಅದಕ್ಕೆ ಹೇಳಿದೆ.

"ಆದರೆ ಕೊನೆ ಸುಳ್ಳು" ಎಂದೆ. "ದೀಪ ಹಚ್ಚು ಎಂದು ಗುಂಡಿ ತೋರಿಸುತ್ತೀರಿ, ಒತ್ತಿದರೆ ಕೈ ಏಳುವುದಿಲ್ಲ. ಬಿಟ್ಟು ಹೋಗುವವರಿಗೆ ಬೇರೆ ದಾರಿಯೇ ಇರಲಿಲ್ಲ ಎಂದು ಹೇಳಿದಂತಾಯಿತು. ಅಂಥ ಮನೆಯಲ್ಲಿ ಬೆಳೆದ ಹುಡುಗಿ ದೀಪ ಹಚ್ಚದೆ ಹೊಸ್ತಿಲು ದಾಟುವುದಿಲ್ಲ."

ಪ್ರಹ್ಲಾದ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಸರಿ. ಆ ಹುಡುಗಿ ದಾಟುವುದಿಲ್ಲ" ಎಂದ. "ಆದರೆ ಕೊನೆಯಲ್ಲಿ ಹೋಗುವುದು ಆ ಹುಡುಗಿಯಲ್ಲ. ವೇಷ ಮಾತ್ರ ಅವಳದು. ದೀಪ ಹಚ್ಚಬೇಕು ಎಂದು ಗೊತ್ತಿದ್ದೂ ಕೈ ಏಳದ ಮನುಷ್ಯ ಬೇರೆ ಒಬ್ಬ ಇದ್ದಾನೆ. ಅವನನ್ನು ತೋರಿಸುವ ಧೈರ್ಯ ನನಗಿರಲಿಲ್ಲ."

ಸಭೆಯವರು ತಲೆದೂಗಿದರು. ಅವರಿಗೆ ಇದು ಕಲೆಯ ಮಾತು. ನಾನು ನಲಿನಿಯ ಆಚೆ ಬಾಗಿ ಅವನನ್ನು ಕೇಳಿದೆ. ಇಂಗ್ಲಿಷು ಬಿಟ್ಟುಹೋಯಿತು.

"ಕೊನೀದು ಯಾವಾಗ ಮಾಡಿದಿ?"

ಅವನು ಪರದೆಯ ಕಡೆ ನೋಡಿದ.

"ಎಲ್ಲಕ್ಕಿಂತ ಮೊದಲು" ಎಂದ ಕನ್ನಡದಲ್ಲೇ. "ಎರಡು ವರ್ಷ ಆಯ್ತು. ಕೊನೆ ಮಾಡಿಟ್ಟುಕೊಂಡು, ಆಮೇಲೆ ಮನೆ ಕಟ್ಟಿದ್ದು."

ಎರಡು ವರ್ಷ. ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಬಿಸಿಲು ಮೊದಲು ಎಲ್ಲಿ ಬೀಳುತ್ತಿತ್ತು ಎಂದು ಅವನು ಕೇಳುತ್ತಿದ್ದ ಸಂಜೆಗಳೆಲ್ಲ ಆ ಎರಡು ವರ್ಷದ ಒಳಗಿನವೇ. ನಾನು ಬಾವಿಯ ಗಡಗಡಿಯ ಸದ್ದನ್ನು ಬಾಯಿಂದ ಮಾಡಿ ತೋರಿಸಿ ನಗಿಸುತ್ತಿದ್ದಾಗ ಅವನು ಆಗಲೇ ಹೊರಟುಹೋಗಿದ್ದ. ಜುಲೈಯಲ್ಲಿ ಬ್ಯಾಗು ತುಂಬಿದ್ದು ತಡವಾಗಿ.

ಕನ್ನಡ ತಿಳಿಯದ ಸಭೆ ಏನೋ ತಮಾಷೆ ನಡೆದಿದೆ ಎಂದುಕೊಂಡು ಚಪ್ಪಾಳೆ ತಟ್ಟಿತು. ನಲಿನಿ ಮೇಜಿನ ಕೆಳಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಮುಂದಿನ ಪ್ರಶ್ನೆ ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇನ್ನೂ ಅರ್ಧ ಗಂಟೆ ಉತ್ತರ ಕೊಟ್ಟೆ. ಏನು ಹೇಳಿದೆನೋ ನೆನಪಿಲ್ಲ.

ವೇದಿಕೆಯ ಹಿಂದೆ ಅವನು ನಿಂತಿದ್ದ. ಕಣ್ಣು ಕೆಂಪಾಗಿತ್ತು. "ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ ಪ್ರಫು. ಮನೆ ಕಟ್ಟುತ್ತಾ ಹೋದರೆ ಕೊನೆ ಬದಲಾಗುತ್ತೆ ಅಂದ್ಕೊಂಡಿದ್ದೆ."

"ನಾ ಹೇಳಿದ್ದೆಲ್ಲಾ ಕೇಳಿದ್ಯಲ್ಲಾ, ಅದು ಗೇಮಿಗಾಗಿ ಅಷ್ಟೇನು?"

"ಇಲ್ಲ" ಎಂದ. ಆಮೇಲೆ, "ಗೊತ್ತಿಲ್ಲ" ಎಂದ.

ಎರಡನೆಯದು ನಿಜವಿರಬೇಕು. ಅವನು ಸುಳ್ಳು ಹೇಳಿದ್ದರೆ ದ್ವೇಷಿಸಿಕೊಂಡು ಬದುಕಬಹುದಿತ್ತು. ಬೆಳಿಗ್ಗೆಯಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಅಪ್ಪ ಬಾಗಿಲಲ್ಲಿ ಗಂಜಿ ಇಟ್ಟು ಹೋಗಿದ್ದಾರೆ.

ಅಕ್ಟೋಬರ್ 5, ಶನಿವಾರ

ಅಂಕಣ ಬರೆದೆ. ‘ದಿವಾಬತ್ತಿ’ಯ ಬಗ್ಗೆಯೇ. ಅವನ ಗೇಮಿನ ಬಗ್ಗೆ ಬರೆಯಬಾರದೆಂಬ ಒಪ್ಪಂದ ಇತ್ತಲ್ಲ, ಅದಕ್ಕೆಂದೇ ನಮ್ಮ ಸಂಬಂಧವನ್ನು ಮೊದಲ ಸಾಲಿನಲ್ಲೇ ತಿಳಿಸಿದೆ. ಚೆನ್ನಾಗಿದ್ದುದನ್ನು ಚೆನ್ನಾಗಿದೆ ಎಂದೆ. ಕೊನೆ ಈಗಲೂ ಒಪ್ಪಿಗೆಯಿಲ್ಲ, ಅದನ್ನೂ ಬರೆದೆ.

ಸಂಪಾದಕರು ಫೋನು ಮಾಡಿ, "ಮೊದಲ ಸಾಲಿನಲ್ಲಿ ‘ನನ್ನ ಗಂಡನಾಗಿದ್ದವನು’ ಎಂದಿದೆ. ಕೈತಪ್ಪೇ?" ಎಂದು ಕೇಳಿದರು. ಹಾಗೆ ಬರೆದದ್ದು ನನಗೆ ಗೊತ್ತೇ ಇರಲಿಲ್ಲ. ಹಾಗೇ ಇರಲಿ ಎಂದೆ.

ಅಪ್ಪನ ಜೊತೆ ಹೋಗಿ ಅಮೀರ್‌ಪೇಟೆಯಿಂದ ನನ್ನ ಪುಸ್ತಕ, ಗೇಮಿನ ಯಂತ್ರಗಳನ್ನು ತಂದೆವು. ಅಪ್ಪನಿಗೆ ಸುಲಭದ ಕಾರು ಓಡಿಸುವ ಆಟವೊಂದನ್ನು ಕಲಿಸಿದೆ. ರಸ್ತೆ ಬಿಟ್ಟು ಹೊಲದಲ್ಲಿ ಓಡಿಸುತ್ತಾರೆ, ಇದು ಶಾರ್ಟ್‌ಕಟ್ ಎನ್ನುತ್ತಾರೆ. ಆಡುತ್ತ ಕೂತು ಬದನೆಕಾಯಿ ಪಲ್ಲೆ ತಳ ಹತ್ತಿತು. ಚಟ್ನಿಗೆ ಶೇಂಗಾ ಹುರಿದೆ. ಚೀಲ ಅರ್ಧ ಆಗಿದೆ, ಮತ್ತೆ ತರಬೇಕು.

ಅಕ್ಟೋಬರ್ 11, ಶುಕ್ರವಾರ

ನಾಡಿದ್ದು ದಸರಾ. ಮನೆ ಸಾರಿಸಿ, ಕಿಟಕಿ ಒರೆಸುತ್ತಿದ್ದಾಗ ಪ್ರಹ್ಲಾದನ ಫೋನು ಬಂತು. ಅಂಕಣ ಓದಿದೆ ಎಂದ. ಹಬ್ಬ ಕಳೆದ ಮೇಲೆ ವಕೀಲರ ಹತ್ತಿರ ಹೋಗೋಣವೇ ಎಂದ. ಹೋಗೋಣ ಎಂದೆ. ಇಬ್ಬರ ದನಿಯೂ ಸರಿಯಾಗಿತ್ತು.

"ಇನ್ನೊಂದು ವಿಷಯ. ಆಟದ ಕೊನೆಗೆ ಹೆಸರುಗಳು ಬರ್ತವಲ್ಲ, ಅಲ್ಲಿ ‘ಈ ಮನೆ ಪ್ರಫುಲ್ಲಾ ಅವರದು’ ಅಂತ ಹಾಕ್ತೀನಿ. ಮೊದಲೇ ಹಾಕಬೇಕಿತ್ತು."

"ನಂದಲ್ಲ ಅದು. ಆಯಿದು. ಆಕೀ ಹೆಸರು ಹಾಕು."

"ಖಂಡಿತ." ಕೀಲಿಮಣೆ ಎಳೆದುಕೊಂಡ ಸದ್ದಾಯಿತು. "ಪ್ರಫು, ಅವರ ಹೆಸರೇನು?"

ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕುಳಿತೆ. ಅವಳ ಬಳೆಯ ಸದ್ದು ಅವನಿಗೆ ಗೊತ್ತು. ಅವಳು ನಡುಮನೆಯ ಮೆಟ್ಟಿಲಲ್ಲಿ ಕಾಲು ತಡೆದು ನಿಲ್ಲುತ್ತಿದ್ದಳು ಎಂಬುದು ಗೊತ್ತು. ಎರಡು ವರ್ಷ ಅವಳ ಮನೆಯೊಳಗೆ ಓಡಾಡಿದ್ದಾನೆ. ಹೆಸರು ಕೇಳಿರಲಿಲ್ಲ.

"ಬಸಲಿಂಗಮ್ಮ" ಎಂದೆ.

"ಇಂಗ್ಲಿಷಲ್ಲಿ ಹೇಗೆ ಬರೀಲಿ? ತಪ್ಪಾಗಬಾರದು."

ಒಂದೊಂದೇ ಅಕ್ಷರ ಹೇಳಿದೆ. ಆ ಕಡೆ ಒಂದೊಂದೇ ಗುಂಡಿ ಒತ್ತುವ ಸದ್ದು ಕೇಳುತ್ತಿತ್ತು. ಅಪ್ಪ ಅಡುಗೆಮನೆಯಿಂದ ಬಂದು, ತಮ್ಮ ತಾಯಿಯ ಹೆಸರನ್ನು ಮಗಳು ಯಾರಿಗೋ ಬಿಡಿಬಿಡಿಯಾಗಿ ಹೇಳುವುದನ್ನು ಕೇಳುತ್ತ ಬಾಗಿಲಲ್ಲೇ ನಿಂತರು.

"ಎಂ ಎರಡಾ?"

"ಎರಡು. ಆಮ್ಯಾಲೆ ಎ."

"ಅಷ್ಟೇನಾ?"

"ಅಷ್ಟ" ಎಂದೆ.